ಕೈ ತಣ್ಣಗಾಗ್ಲಿ

ಆ ದನಿಗೆ ತಿಂಗಳಿಗೆ ಮೂರು ಸಾವಿರದ ಇನ್ನೂರು ರೂಪಾಯಿ ಕೊಟ್ಟೆ. ಪಾಂಡವಪುರದ ಮೊಬೈಲ್ ಅಂಗಡಿಯವನು ಮೊದಲು ಹೇಳಿದ್ದು ಐದು ಸಾವಿರ. ಹೇಳಿದ ರೇಟು ಕೊಟ್ಟು ಎದ್ದುಬರುವ ಹೆಂಗಸು ನಾನಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ಇಳಿಸುವುದಕ್ಕೆ ಜಾಗ ಇಟ್ಟುಕೊಂಡೇ ಹೇಳಿದ್ದ. ಮೂರು ತಿಂಗಳದ್ದು ಮುಂಗಡ ಕೊಟ್ಟು ನಾಲ್ಕನೆಯದನ್ನು ಬಿಟ್ಟಿ ಮಾಡಿಸಿಕೊಂಡೆ. ಇಷ್ಟು ಚೌಕಾಸಿ ಮಾಡಿ ಕೊಂಡದ್ದು ಒಬ್ಬ ಮನುಷ್ಯನ ಗಂಟಲನ್ನು. ಆ ಮನುಷ್ಯನ ಸ್ವಂತ ಗಂಟಲನ್ನು ಮೈಸೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆದಿದ್ದರು. ಬೀಡಿಯ ಫಲ.

ಅವರು ದನದ ದಲ್ಲಾಳಿ. ಹೆಸರು ಬರೆಯುವುದಿಲ್ಲ. ತನ್ನ ದನಿಯನ್ನು ಹಿಂದೆ ಬಿಟ್ಟು ಹೋಗಲು ಹೆದರಿದ ಮನುಷ್ಯನ ಹೆಸರನ್ನು ನಾನು ಕಾಗದದ ಮೇಲೆ ಬಿಟ್ಟು ಹೋಗುವುದು ನ್ಯಾಯವಲ್ಲ. ನಾನು ದೊಡ್ಡಯ್ಯ ಅನ್ನುತ್ತಿದ್ದೆ. ಸಂಬಂಧ ಏನೂ ಇಲ್ಲ, ಜಾತಿಯೂ ಬೇರೆ. ನಾಗಮಂಗಲ ರಸ್ತೆಯ ಪಕ್ಕದ ಊರು, ಶೀಟು ಹೊದಿಸಿದ ಒಂದು ಕೊಟ್ಟಿಗೆ, ಹೆಗಲ ಮೇಲೆ ಒಂದು ಟವೆಲು. ಇಷ್ಟೇ ಅವರ ಅಂಗಡಿ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಅವರು ನಡೆದುಹೋದರೆ ಮಾರುವವರು ಎದ್ದು ನಿಲ್ಲುತ್ತಿದ್ದರು, ಕೊಳ್ಳುವವರು ಹಿಂದೆ ಬೀಳುತ್ತಿದ್ದರು.

ನಾನು ಕೆ.ಆರ್. ಪೇಟೆಯಲ್ಲಿ ಹಾಲು ಕರೆಯುವ ಹಸು, ಎಮ್ಮೆ ಕೊಂಡು ಮಾರುತ್ತೇನೆ. ಒಂದು ಬಡಕಲು ಹಸುವಿನಿಂದ ಶುರು ಮಾಡಿದವಳು, ಈಗ ಶ್ರೀರಂಗಪಟ್ಟಣದ ಕಡೆಯ ಹಾಲಿನವರೂ ನನಗೇ ಫೋನ್ ಮಾಡುತ್ತಾರೆ. ಶುರುವಿನಲ್ಲಿ ನನಗೆ ಅಡ್ಡ ಬಂದದ್ದು ಬಂಡವಾಳವಲ್ಲ, ಟವೆಲು.

ದನದ ವ್ಯಾಪಾರ ನೋಡದವರಿಗೆ ಹೇಳುತ್ತೇನೆ. ನಮ್ಮಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲು ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಹೇಳುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಮೂರು ಹಿಡಿದರೆ ಮೂರು. ಅದು ಮೂರು ಸಾವಿರವೋ ಮೂವತ್ತು ಸಾವಿರವೋ ಎಂದು ಬೆರಳು ಹೇಳುವುದಿಲ್ಲ, ಎದುರಿಗೆ ನಿಂತ ದನ ಹೇಳುತ್ತದೆ. ಅಷ್ಟು ಹೊತ್ತೂ ಬಾಯಿ ಬೇರೆ ಏನನ್ನೋ ಆಡುತ್ತಿರುತ್ತದೆ. ‘ಈ ರೇಟಿಗೆ ನನ್ನೆಂಡ್ತಿ ಮನೆಗೇ ಸೇರ್ಸಲ್ಲ’ ಎಂದು ಬಾಯಿ ಅಳುತ್ತಿರುವಾಗ ಕೈ ಆಗಲೇ ಒಪ್ಪಿರುತ್ತದೆ. ಸುತ್ತ ನಿಂತವರಿಗೆ ಬಾಯಿ ಕಾಣುತ್ತದೆ, ಕೈ ಕಾಣುವುದಿಲ್ಲ. ದೊಡ್ಡಯ್ಯನ ಮಾತೊಂದಿತ್ತು: ‘ಬಾಯಿ ಸಂತೇಗೆ, ಕೈ ಸತ್ಯಕ್ಕೆ.’

ಹೆಂಗಸಿನ ಕೈಯನ್ನು ಯಾವ ಗಂಡಸು ಟವೆಲಿನ ಕೆಳಗೆ ಹಿಡಿಯುತ್ತಾನೆ? ಹಿಡಿದರೆ ಊರು ಸುಮ್ಮನಿರುತ್ತದೆಯೇ? ನನ್ನ ಜೊತೆ ಯಾರೂ ಕೂರುತ್ತಿರಲಿಲ್ಲ. ನನ್ನ ಅಪ್ಪನ ವಯಸ್ಸಿನ ದೊಡ್ಡಯ್ಯ ಅದಕ್ಕೊಂದು ದಾರಿ ಕಂಡುಕೊಂಡರು. ಎಡಗೈಯಲ್ಲಿ ನನ್ನ ಕೈ, ಬಲಗೈಯಲ್ಲಿ ಗಿರಾಕಿಯ ಕೈ, ಎರಡರ ಮೇಲೂ ಉದ್ದನೆಯ ಒಂದೇ ಟವೆಲು. ಅಲ್ಲಿಂದ ಬಂದ ಬೆರಳನ್ನು ಇಲ್ಲಿ ಒತ್ತುವರು, ಇಲ್ಲಿಂದ ಹೋದದ್ದನ್ನು ಅಲ್ಲಿ ಒತ್ತುವರು. ಹೊಣಕೆರೆಯ ಗಿರಾಕಿಯೊಬ್ಬ ಇದನ್ನು ಮೊದಲ ಸಲ ನೋಡಿ ನಕ್ಕಿದ್ದ.

“ಏನ್ ದೊಡ್ಡಯ್ಯ, ಎರಡ್ ಕಡಿಕೂ ಕರೆಂಟು ಅರಿಸ್ತಾ ಇದೀಯಲ್ಲ, ಮೀಟ್ರು ಎಲ್ಲಿ ಮಡಗಿದ್ದೀಯ?”

“ಒಟ್ಟೇಲಿ ಮಡಗಿವ್ನಿ ಕಣ್ಲಾ. ಒಂದ್ ಟೀ ಹಾಕ್ಸು, ಓಡೋದ್ ತೋರುಸ್ತೀನಿ.”

ಎರಡು ಕೈಗಳ ನಡುವೆ ಬೆಲೆ ಮಾತ್ರ ಹಾಯುತ್ತಿರಲಿಲ್ಲ. ಗಿರಾಕಿಯ ಕೈ ನಡುಗಿದರೆ ಅವರ ಹೆಬ್ಬೆರಳು ನನ್ನ ಅಂಗೈಯನ್ನು ಸಣ್ಣಗೆ ಉಜ್ಜುತ್ತಿತ್ತು. ‘ಕೈ ಬೆವರ್ತಾ ಐತೆ’ ಎಂದು ಅವರು ಬಾಯಿ ಬಿಟ್ಟು ಹೇಳಿದರೆ ಆ ಗಿರಾಕಿ ಸೋತ ಹಾಗೆಯೇ. ಆ ಮಾತನ್ನು ಅವರು ಆಡುತ್ತಿದ್ದದ್ದು ಕೈಯೊಳಗೆ ಕೈ ಇದ್ದಾಗ ಮಾತ್ರ. ಇನ್ನೊಂದು ಮಾತಿತ್ತು. ವ್ಯಾಪಾರ ಮುರಿದುಬೀಳುವ ಹಂತಕ್ಕೆ ಬಂದಾಗ ಟವೆಲು ತೆಗೆಯದೆ, ‘ತಡೀರ್ಲಾ, ಕೈ ತಣ್ಣಗಾಗ್ಲಿ’ ಅನ್ನುವರು. ಎಲ್ಲ ವ್ಯಾಪಾರಕ್ಕೂ ಅನ್ನುತ್ತಿರಲಿಲ್ಲ. ಯಾವುದು ಮುರಿಯಬಾರದು ಎಂದು ಅವರಿಗೇ ಆಸೆ ಇತ್ತೋ ಅದಕ್ಕೆ ಮಾತ್ರ. ಇದನ್ನು ನಾನು ಬಹಳ ಕಾಲದ ಮೇಲೆ ಪತ್ತೆ ಮಾಡಿದೆ. ಹೇಳಲಿಲ್ಲ. ಇನ್ನೊಬ್ಬರ ಆಸೆಯ ಗುರುತು ಸಿಕ್ಕರೆ ಹೇಳಿಬಿಡಬಾರದು, ಅದು ನಿಮ್ಮ ಬಂಡವಾಳ.

ಹಸು ಕೊಳ್ಳುವಾಗ ಹಲ್ಲು, ಕೆಚ್ಚಲು, ಸುಳಿ ಎಲ್ಲರೂ ನೋಡುತ್ತಾರೆ. ದೊಡ್ಡಯ್ಯ ಅದೆಲ್ಲ ಮುಗಿದ ಮೇಲೆ ಹಸುವಿನ ಹಿಂದೆ ಹೋಗಿ ನಿಂತು, ಮಗುವನ್ನು ಕರೆದ ಹಾಗೆ ಮೆಲ್ಲಗೆ ‘ಬಾರವ್ವಾ’ ಅನ್ನುವರು. ಹಸುವಿನ ಕಿವಿ ಹಿಂದಕ್ಕೆ ತಿರುಗಿದರೆ ತಲೆಯಾಡಿಸಿ, “ಒಳಗೆ ಆಳವ್ನೆ” ಎನ್ನುವರು. ಮನೆ ಬಾಗಿಲು ತಟ್ಟಿ, ಒಳಗೆ ಜನ ಇದ್ದಾರೆ ಎಂದು ಹೇಳುವ ಹಾಗೆ. ಕೆಲವು ಹಸುಗಳ ಕಿವಿ ತಿರುಗುತ್ತಿರಲಿಲ್ಲ, ಆದರೆ ಬೀಸುತ್ತಿದ್ದ ಬಾಲ ಒಂದು ಗಳಿಗೆ ನಿಲ್ಲುತ್ತಿತ್ತು. ಅಂಥವೆಂದರೆ ಅವರಿಗೆ ಇನ್ನೂ ಇಷ್ಟ.

“ಕೇಳುಸ್ಕೊಂಡೂ ಸುಮ್ಕವ್ಳೆ ನೋಡು. ಇವ್ಳೇ ಮನೆ ನಡಸೋಳು. ನಿಮ್ ದೊಡ್ಡವ್ವನೂ ಇಂಗೇಯ, ಮೂರ್ ಸಲ ಕೂಗ್ಬೇಕು.”

ದೊಡ್ಡವ್ವ ಅಂದರೆ ಅವರ ಹೆಂಡತಿ, ಒಳಗಿನಿಂದಲೇ, “ನಾಕ್ನೇ ಸಲ ಕೂಗು, ಬತ್ತೀನಿ” ಎನ್ನುವಳು.

ಆಪರೇಶನ್ ಆದ ಮೇಲೆ ಗಂಟಲಿನಲ್ಲಿ ಒಂದು ತೂತು ಉಳಿಯಿತು. ಉಸಿರು ಅದರ ಮೂಲಕವೇ. ಹೆಗಲ ಮೇಲಿದ್ದ ಟವೆಲು ಕುತ್ತಿಗೆಗೆ ಬಂತು. ತುಟಿ ಆಡುತ್ತಿತ್ತು, ದನಿ ಇಲ್ಲ. ಆ ತುಟಿಯನ್ನು ಓದುವುದು ದೊಡ್ಡವ್ವನಿಗೆ ಮಾತ್ರ ಗೊತ್ತಿತ್ತು. ಅವಳೋ ಓದಿದ್ದನ್ನು ಇದ್ದ ಹಾಗೆ ಹೇಳುವವಳಲ್ಲ. ಅವರು ಉದ್ದಕ್ಕೆ ಏನೋ ಆಡಿದರೆ, “ಬೀಡಿ ಕೇಳ್ತಾವ್ರೆ, ಕೊಡಲ್ಲ ಅಂದೆ” ಎಂದು ಪ್ರಶ್ನೆ ಉತ್ತರ ಎರಡನ್ನೂ ತಾನೇ ಮುಗಿಸುವಳು. ಅವರು ಕೈಯಲ್ಲಿ ಹಣೆ ಚಚ್ಚಿಕೊಳ್ಳುವರು.

ಗಿರಾಕಿಗಳು ಕಡಿಮೆಯಾದರು. ಬೆರಳು ಹಾಗೆಯೇ ಇತ್ತು, ಆದರೆ ಸಂತೆಗೆ ಬಾಯಿಯೂ ಬೇಕು. ಆಗಲೇ ಪಾಂಡವಪುರದ ಅಂಗಡಿಯವನು ಹೇಳಿದ್ದು. ಹಳೆಯ ದನಿ ಎಲ್ಲಾದರೂ ಉಳಿದಿದ್ದರೆ ಅದನ್ನು ಕಲಿತು ಅವರಂತೆಯೇ ಮಾತಾಡುವ ಯಂತ್ರ ಬಂದಿದೆ, ಕರೆ ಬಂದರೆ ತಾನೇ ಎತ್ತುತ್ತದೆ, ಎದುರಿಗಿಟ್ಟು ಮಾತಾಡಿಸಿದರೂ ಉತ್ತರ ಕೊಡುತ್ತದೆ, ಅಂತ. ದೊಡ್ಡಯ್ಯನಿಗೆ ಅಕ್ಷರ ಬಾರದು, ಹಾಗಾಗಿ ವರ್ಷಗಟ್ಟಲೆ ನನಗೆ ವಾಯ್ಸ್ ಮೆಸೇಜು ಕಳಿಸಿದ್ದರು. ದನದ ಸುದ್ದಿ, ಬೈಗುಳ, ಗಾದೆ, ನಡುನಡುವೆ ಕೆಮ್ಮು. ಅಷ್ಟನ್ನೂ ಕೊಟ್ಟೆವು. ಕೊಡಬೇಕೋ ಬೇಡವೋ ಎಂದು ಕೇಳಿದಾಗ ದೊಡ್ಡಯ್ಯನೇ ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದ್ದರು. ವ್ಯಾಪಾರ ಕುದುರಿತು ಅನ್ನುವುದಕ್ಕೆ ಅವರು ಒತ್ತುತ್ತಿದ್ದದ್ದು ಹಾಗೆಯೇ.

ಮೊದಲ ದಿನ ಕೊಟ್ಟಿಗೆಯಲ್ಲಿ ಸ್ಟೂಲಿನ ಮೇಲೆ ಫೋನಿಟ್ಟು ನಾನೇ ಕೇಳಿದೆ: “ದೊಡ್ಡಯ್ಯ, ಆ ಗೋವಿಂದನಹಳ್ಳಿ ಎಮ್ಮೆ ಎಂಗೆ?”

“ಎಮ್ಮೆ ಒಳ್ಳೇದೇಯ ಕಣವ್ವಾ” ಎಂದಿತು ಫೋನು. ಆ ದನಿಯೇ, ಆ ಎಳೆತವೇ. “ಎಮ್ಮೆ ಒಡೆಯನ್ನೇ ಒಸಿ ಹಲ್ ಹಿಡ್ದು ನೋಡ್ಬೇಕು.”

ಹಿತ್ತಲಿನಿಂದ ಬರುತ್ತಿದ್ದ ದೊಡ್ಡವ್ವ ತಟ್ಟನೆ ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಯಾರೋ ಹೊರಗಿನವರು ಬಂದ ಹಾಗೆ. ದೊಡ್ಡಯ್ಯ ನಕ್ಕರು. ನಗುವಿಗೂ ದನಿ ಇಲ್ಲ, ಗಂಟಲ ತೂತಿನಿಂದ ಗಾಳಿ ಸೀಟಿ ಹೊಡೆದ ಹಾಗೆ ಬಂತು. ಆಮೇಲೆ ಒಂದು ಕೆಲಸ ಮಾಡಿದರು. ನಿಧಾನವಾಗಿ ಕತ್ತು ತಿರುಗಿಸಿ ತಮ್ಮ ಬೆನ್ನ ಹಿಂದೆ ನೋಡಿದರು. ಅಲ್ಲಿ ಗೋಡೆ ಮಾತ್ರ ಇತ್ತು. ನನಗೆ ಮೊದಲು ಭಯ ಮೂಡಿದ್ದು ಅಲ್ಲಿ, ಅವರು ಹಾಗೆ ತಿರುಗಿ ನೋಡಿದಾಗ.

ವ್ಯಾಪಾರ ಮಾತ್ರ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಸ್ಟೂಲಿನ ಮೇಲೆ ಬಾಯಿ, ಟವೆಲಿನ ಕೆಳಗೆ ಕೈ. ಫೋನು ಹೊಗಳುವುದು, ಕೊಸರಾಡುವುದು, ಗಿರಾಕಿಯ ಅಪ್ಪನ ಸುದ್ದಿ ಕೇಳುವುದು; ಅವರು ಕಣ್ಣು ಮುಚ್ಚಿ ಬೆರಳು ಹಿಡಿಯುವರು. ಸಂತೆಯ ಬಾಯಿ ಎಂದೂ ಸತ್ಯ ಹೇಳಿದ್ದಲ್ಲ, ಅದು ಮನುಷ್ಯನದಾದರೇನು, ಯಂತ್ರದ್ದಾದರೇನು ಎಂದು ನಾನು ಸಮಾಧಾನ ಮಾಡಿಕೊಂಡೆ. ದೊಡ್ಡವ್ವನಿಗೂ ಅಭ್ಯಾಸವಾಯಿತು. ಸಂಜೆ ಗಿರಾಕಿಗಳು ಹೋದ ಮೇಲೆ ಅವಳು ಫೋನಿನ ಹತ್ತಿರ ಕೂತು, ಕಾಳು ಆರಿಸುತ್ತ ಮಾತಾಡುವಳು.

“ಉಂಡ್ಯಾ?”

“ಉಂಡೆ ಕಣೇ. ನೀನ್ ಉಂಡ್ಯಾ?”

ಅವಳ ಗಂಡ ಎರಡು ಮಾರು ದೂರದಲ್ಲಿ ಮಂಚದ ಮೇಲೆ ಕೂತು ಇದನ್ನು ಕೇಳುತ್ತಿರುವರು.

ಒಂದು ಮಧ್ಯಾಹ್ನ ಹೊಣಕೆರೆಯವನು ಬೈಕಿನಲ್ಲಿ ಬಂದಿಳಿದ. ಮೀಟರು ಎಲ್ಲಿ ಎಂದು ಕೇಳಿ ನಕ್ಕಿದ್ದವನೇ.

“ಅಕ್ಕಾ, ಅದ್ಕೆ ಕಣ್ಣೂ ಐತಾ?”

“ಯಾವುದ್ಕೆ?”

“ಫೋನಲ್ಲಿ ದೊಡ್ಡಯ್ಯನ್ ಜೊತೆ, ಅದೇ ಅದರ್ ಜೊತೆ, ಮಾತಾಡ್ತಿದ್ದೆ. ಜೋಡಿ ಎತ್ತಿನ್ ವಿಷ್ಯ. ಇದ್ದಕ್ಕಿದ್ದಂಗೆ ‘ನಿನ್ ಕೈ ಬೆವರ್ತಾ ಐತೆ ಕಣ್ಲಾ’ ಅಂತು. ನೋಡ್ಕೋತೀನಿ, ನಿಜ್ವಾಗ್ಲೂ ಬೆವ್ತಿತ್ತು. ನಾನಿರೋದು ಹೊಣಕೆರೇಲಿ ಅಕ್ಕಾ.”

“ಎತ್ತಿನ್ ರೇಟು ಕೇಳುದ್ರೆ ಯಾರ್ ಕೈಯಾದ್ರೂ ಬೆವರ್ತದೆ, ಓಗಪ್ಪ” ಎಂದು ನಗಿಸಿ ಕಳಿಸಿದೆ. ಕಳಿಸಿದವಳು ಸೀದಾ ಅಂಗಡಿಯವನಿಗೆ ಫೋನ್ ಮಾಡಿದೆ.

“ಅಕ್ಕ, ಅವ್ರ ಮಾತ್ನೇ ತಿರುಗಾ ಮುರುಗಾ ಮಾಡಿ ಹೇಳ್ತದೆ ಅಷ್ಟೇಯ. ಒಳಗೆ ಯಾರೂ ಇಲ್ಲ” ಎಂದ ಅವನು.

ಸರಿ, ಆ ಮಾತು ಮೆಸೇಜಿನಲ್ಲಿ ಎಲ್ಲೋ ಇರಬೇಕು ಎಂದು ಹುಡುಕಿದೆ. ‘ಕೈ ತಣ್ಣಗಾಗ್ಲಿ’ ಹತ್ತಾರು ಕಡೆ ಸಿಕ್ಕಿತು. ಕೈ ಬೆವರುವ ಮಾತು ಸಿಗಲಿಲ್ಲ. ಎಲ್ಲವನ್ನೂ ಕೇಳಿದೆ ಎಂದು ಆಣೆ ಮಾಡಲಾರೆ, ನಡುವೆ ಕೆಲವು ಬಿಟ್ಟುಹೋಗಿರಬಹುದು. ಆದರೆ ಆ ಮಾತನ್ನು ಅವರು ಕೈ ಹಿಡಿಯದೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ದೊಡ್ಡಯ್ಯನಿಗೆ ಈ ಸುದ್ದಿ ಹೇಳಿದ ದಿನದಿಂದ ಅವರು ಫೋನಿಗೆ ಬೆನ್ನು ಕೊಟ್ಟು ಕೂರುವುದನ್ನು ನಿಲ್ಲಿಸಿದರು. ಮಂಚವನ್ನು ಗೋಡೆಗೆ ತಳ್ಳಿಸಿ, ಫೋನು ಯಾವಾಗಲೂ ಕಣ್ಣಿಗೆ ಬೀಳುವ ಹಾಗೆ ಮಾಡಿಕೊಂಡರು. ಊಟಕ್ಕೆ ಕೂರುವಾಗ ಅದರ ಮೇಲೆ ಒಂದು ಬಿದಿರಿನ ಬುಟ್ಟಿ, ಸಗಣಿ ಹೊರುವ ಮಂಕರಿ, ಕವುಚುತ್ತಿದ್ದರು. ಗೂಳಿಯ ಮೂಗುದಾರ ಬರಿಗೈಯಲ್ಲಿ ಹಿಡಿದ ಮನುಷ್ಯ ಅಂಗೈ ಅಗಲದ ವಸ್ತುವಿಗೆ ಮಂಕರಿ ಕವುಚುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಇಬ್ಬರೂ ಅದರ ಪರೀಕ್ಷೆಗೆ ನಿಂತಿದ್ದರು. ಹಸುವಿಗೆ ಮಾಡುವ ಪರೀಕ್ಷೆಯೇ. ಅವರು ತುಟಿಯಾಡಿಸುವುದು, ದೊಡ್ಡವ್ವ ಫೋನಿನ ಹಿಂದೆ ನಿಂತು ಮೆಲ್ಲಗೆ ಕರೆಯುವುದು.

“ಬಾರಪ್ಪಾ.”

“ಹೇಳವ್ವಾ.”

“ಬಾರಪ್ಪಾ.”

“ಹೇಳವ್ವಾ, ಏನ್ ಸಮಾಚಾರ?”

ಎಷ್ಟು ಸಲ ಕರೆದರೂ ಓಗೊಟ್ಟಿತು. ದೊಡ್ಡಯ್ಯನ ಮುಖ ಸ್ವಲ್ಪ ಸಡಿಲವಾಯಿತು. ತುಟಿ ಆಡಿತು. ದೊಡ್ಡವ್ವ ನನಗೆ ಹೇಳಿದಳು: “ಕರೆದೋರಿಗೆಲ್ಲ ಓಗೊಡೋದ್ನ ನಾಯಿನೂ ಮಾಡಕಿಲ್ವಂತೆ. ಕೇಳುಸ್ಕೊಂಡು ಸುಮ್ಕಿರಕ್ಕೆ ಬರಬೇಕಂತೆ. ಆಳಿಲ್ಲ ಅಂತಾವ್ರೆ.”

ಅಲ್ಲಿಗೇ ಬಿಡಬಹುದಿತ್ತು. ಆದರೆ ಅವರು ದಲ್ಲಾಳಿ, ಕೈ ಮುಟ್ಟದೆ ವ್ಯಾಪಾರ ಮುಗಿಸುವವರಲ್ಲ. ಕುತ್ತಿಗೆಯ ಟವೆಲು ಬಿಚ್ಚಿ, ಫೋನನ್ನು ಅಂಗೈಯಲ್ಲಿಟ್ಟು ಮುಚ್ಚಿಕೊಂಡು, ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ದೊಡ್ಡವ್ವನ ಕಡೆ ನೋಡಿದರು.

“ಬೆಚ್ಚಗೈತಂತೆ” ಎಂದಳು ದೊಡ್ಡವ್ವ.

“ಬ್ಯಾಟ್ರಿ ಕಾವು ದೊಡ್ಡಯ್ಯ, ಎಲ್ಲಾ ಫೋನೂ ಅಂಗೇಯ.”

ಅವರು ತಮ್ಮ ಎದೆ ತಟ್ಟಿ ಏನೋ ಅಂದರು. ದೊಡ್ಡವ್ವನಿಗೆ ನಗು ಬಂತು. “ನಂದೂ ಬ್ಯಾಟ್ರಿನೇ ತಾನೆ ಅಂತಾವ್ರೆ. ಅದ್ಕೆ ನಾನು, ಗಂಜಿನೇ ಚಾರ್ಜಿಂಗು ಅಂದೆ.” ನಾವು ಮೂವರೂ ನಕ್ಕೆವು. ನಗು ನಿಲ್ಲುವ ಮೊದಲೇ ಅವರು ಇನ್ನೊಂದು ಮಾತು ಆಡಿದರು, ದೊಡ್ಡವ್ವ ಅದನ್ನು ಟವೆಲಿನ ಹತ್ತಿರ ಬಾಗಿ ಕೇಳಿಯೇಬಿಟ್ಟಳು.

“ಏನಪ್ಪಾ, ಒಳಗೆ ಆಳವ್ನಾ?”

ಫೋನು ಉತ್ತರ ಕೊಡಲಿಲ್ಲ.

ಕಾದೆವು. ಕೊಟ್ಟಿಗೆಯ ಹಸು ಮೆಲುಕು ಹಾಕುವುದು ಕೇಳುತ್ತಿತ್ತು. ದೊಡ್ಡಯ್ಯನ ಗಂಟಲ ಗಾಳಿ ಜೋರಾಯಿತು. ಅಷ್ಟು ಸಲ ಕರೆದಾಗ ಒಮ್ಮೆಯೂ ಸುಮ್ಮನಿರದಿದ್ದದ್ದು ಈಗ ಸುಮ್ಮನಿತ್ತು. ಆಮೇಲೆ, ಏನೂ ಆಗದ ಹಾಗೆ, “ಇನ್ನೇನವ್ವಾ, ಮಳೆ ಬಂತಾ ಆ ಕಡಿಕೆ?” ಎಂದಿತು.

ಆಮೇಲೆ ಕೇಳಿದಾಗ, ಶೀಟಿನ ಕೆಳಗೆ ಸಿಗ್ನಲ್ ಬರುವುದಿಲ್ಲ, ಅದಕ್ಕೇ ತಡವಾಗಿರುತ್ತದೆ ಎಂದ ಅಂಗಡಿಯವನು. ನಿಜ. ಆ ಕೊಟ್ಟಿಗೆಯಲ್ಲಿ ನನ್ನ ಫೋನಿಗೂ ಸಿಗ್ನಲ್ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಅದನ್ನು ದೊಡ್ಡಯ್ಯನಿಗೆ ಯಾರು ಹೇಳುವುದು? ಕೇಳಿಸಿಕೊಂಡೂ ಸುಮ್ಮನಿರುವುದೇ ಗುರುತು ಎಂದು ಜೀವಮಾನವೆಲ್ಲ ನಂಬಿದವರು. ಅವರು ಟವೆಲು ತೆಗೆದು ಫೋನನ್ನು ಸ್ಟೂಲಿನ ಮೇಲೆ ಇಟ್ಟರು. ಎಸೆಯಲಿಲ್ಲ. ಈಗಷ್ಟೇ ಹುಟ್ಟಿದ ಕರುವನ್ನು ಹುಲ್ಲಿನ ಮೇಲೆ ಇಡುವ ಹಾಗೆ ಇಟ್ಟರು.

ಅವರು ಆಮೇಲೆ ಹೇಳಿದ್ದನ್ನು ದೊಡ್ಡವ್ವ ಒಂದಕ್ಷರ ಬದಲಿಸದೆ ಹೇಳಿದಳು ಅನಿಸುತ್ತದೆ, ತನ್ನದೊಂದು ಮಾತೂ ಸೇರಿಸಲಿಲ್ಲ.

“ಆಳಿಲ್ದಿದ್ರೆ, ನನ್ ದನಿನ ಖಾಲಿ ಮನೇಲಿ ಬುಟ್ಟು ಓದಂಗಾಯ್ತು. ಆಳಿದ್ರೆ ಅವನ್ಯಾರು? ಕಟ್ಟಾಕಿ ದುಡಿಸ್ತಾ ಇವ್ನಿ, ಒಂದಿನಾನಾದ್ರೂ ಹುಲ್ಲು ಹಾಕಿದ್ನಾ, ನೀರ್ ಮಡಗಿದ್ನಾ? ನಾನ್ ಓದ್ಮೇಲೆ ಅದು ಇಂಗೇ ಮಾತಾಡ್ತಾ ಇದ್ರೆ, ನಾನು ಓಗಿವ್ನಾ ಇಲ್ವಾ?”

ನಾನು ವ್ಯಾಪಾರದವಳು. ಯಾವ ಪ್ರಶ್ನೆಗೂ ಒಂದು ಉತ್ತರ ಇಟ್ಟುಕೊಂಡೇ ಕೂರುವವಳು. ಆ ದಿನ ಮಾತ್ರ ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕಿ, ನೀರಿಟ್ಟು ಎದ್ದುಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಲೆ ತಿರುಗಿ ಬಂತು. ಗಂಜಿಯೂ ಇಳಿಯುತ್ತಿರಲಿಲ್ಲ. ನೋಡಲು ಹೋಗಿದ್ದೆ. ಸಂಜೆ ಹೊತ್ತು, ಅವರು ಮಂಚದ ಮೇಲೆ ಒರಗಿದ್ದರು. ಮೂಲೆಯಲ್ಲಿ ದೊಡ್ಡವ್ವ ಅಭ್ಯಾಸಬಲದಿಂದ ಫೋನಿಗೆ “ಉಂಡ್ಯಾ?” ಎಂದಳು.

“ಉಂಡೆ ಕಣೇ. ಉಪ್ಸಾರು ಪಸಂದಾಗಿತ್ತು.”

ದೊಡ್ಡಯ್ಯ ನನ್ನ ಕೈ ಎಳೆದುಕೊಂಡರು. ಕುತ್ತಿಗೆಯ ಟವೆಲನ್ನು ತಾವೇ ಬಿಚ್ಚಿ ಮೇಲೆ ಹಾಕಿದರು. ನಡುವೆ ಯಾರೂ ಇಲ್ಲದೆ, ಅವರೂ ನಾನೂ ಮೊದಲ ಸಲ ಎದುರಾಬದುರು ವ್ಯಾಪಾರಕ್ಕೆ ಕೂತೆವು. ಕೊಡುವುದು ಕೊಳ್ಳುವುದು ಏನು ಅನ್ನುವುದು ಇಬ್ಬರಿಗೂ ಗೊತ್ತಿತ್ತು: ಅವರು ಹೋದ ಮೇಲೆ ಆ ದನಿ ಎಷ್ಟು ಕಾಲ ಇರಬೇಕು.

ಅವರು ಮುಷ್ಟಿ ಕೊಟ್ಟರು. ಒಂದು ಬೆರಳೂ ಇಲ್ಲ. ಅಂದರೆ, ನಾನು ಹೋದ ಗಳಿಗೆಯಲ್ಲೇ ಅದೂ ಹೋಗಬೇಕು.

ನಾನು ದೊಡ್ಡವ್ವನ ಕಡೆ ನೋಡಿದೆ. ಅವರ ತುಟಿಯನ್ನು ಓದಿದ್ದ ಅವಳು ಮೂಲೆಯಿಂದಲೇ ಬೇಡ ಎಂದು ತಲೆಯಾಡಿಸಿದಳು. ಅವಳ ಪರವಾಗಿ ಒಂದು ಬೆರಳು ಹಿಡಿದೆ. ಒಂದು ವರ್ಷ, ವರ್ಷದ ತಿಥಿಯವರೆಗಾದರೂ ಇರಲಿ.

ಅವರು ತಿರುಗಿ ನನ್ನ ಒಂದು ಬೆರಳು ಹಿಡಿದರು. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ನನಗೆ ಆಶ್ಚರ್ಯ. “ಆಯ್ತಾ ಹಂಗಾದ್ರೆ?” ಎಂದೆ. ಅವರ ತುಟಿ ಆಡಿತು.

“ದಿನ ಅಂತಾವ್ರೆ. ಒಂದ್ ದಿನ” ಎಂದಳು ದೊಡ್ಡವ್ವ.

ಸಂತೆಯಲ್ಲಿ ಬೆರಳಿನ ಅಳತೆಯನ್ನು ದನ ಹೇಳುತ್ತದೆ. ಇಲ್ಲಿ ಎದುರಿಗೆ ದನ ಇರಲಿಲ್ಲ. ನನ್ನ ಬೆರಳಿನಲ್ಲಿ ವರ್ಷವಿತ್ತು, ಅವರ ಬೆರಳಿನಲ್ಲಿ ದಿನವಿತ್ತು. ನಾನು ಮೂರು ಹಿಡಿದೆ, ತಿಂಗಳು ಎಂದು ಬಾಯಲ್ಲೇ ಹೇಳಿದೆ. ವ್ಯಾಪಾರದಲ್ಲಿ ಹಾಗೆ ಬಾಯಿ ಬಿಟ್ಟು ಹೇಳಬಾರದು, ಆದರೆ ಇನ್ನೊಂದು ಸಲ ತಪ್ಪು ತಿಳಿಯಲು ಸಮಯ ಇರಲಿಲ್ಲ. ಅವರು ತಲೆ ಅಲ್ಲಾಡಿಸಿದರು. ಮತ್ತೆ ಮುಷ್ಟಿ. ನಾನು ಬಿಡಲಿಲ್ಲ. ಕೊನೆಗೆ ಅವರು ಎಂದೂ ಮಾಡದ್ದನ್ನು ಮಾಡಿದರು. ಇನ್ನೊಂದು ಕೈಯನ್ನೂ ಟವೆಲಿನ ಕೆಳಗೆ ತಂದು, ನನ್ನ ಹತ್ತೂ ಬೆರಳನ್ನು ಒಟ್ಟಿಗೆ ಹಿಡಿದು, ಬಿಟ್ಟು, ಮತ್ತೆ ಒಂದೇ ಒಂದನ್ನು ಹಿಡಿದರು. ಹನ್ನೊಂದು. ಹನ್ನೊಂದರ ತಿಥಿಯವರೆಗೆ. ನಾನು ಒತ್ತಿದೆ.

ಅವರ ಕೈ ಒಣಗಿದ ಹಲಗೆಯಂತೆ ಇರುತ್ತಿತ್ತು. ಅಷ್ಟು ವರ್ಷದಲ್ಲಿ ಅದು ಒದ್ದೆಯಾದದ್ದನ್ನು ನಾನು ಕಂಡಿರಲಿಲ್ಲ. ಆ ಸಂಜೆ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಸಾವಿಗೆ ಹೆದರಿದ್ದಲ್ಲ ಅದು, ನಾನು ಬಲ್ಲೆ. ಹೋದ ಮೇಲೂ ಹೋಗದಿದ್ದರೆ ಎಂಬ ಹೆದರಿಕೆ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಹನ್ನೊಂದರ ದಿನ ಎಡೆ ಇಟ್ಟು, ಬಂದವರೆಲ್ಲ ಉಂಡು, ಎಲೆ ತೆಗೆಯುವ ಹೊತ್ತಿಗೆ ದೊಡ್ಡವ್ವ ಕೊಟ್ಟಿಗೆಗೆ ಬಂದಳು. ಕೈಯಲ್ಲಿ ಆ ಟವೆಲಿನ ಗಂಟು, ಗಂಟಿನಲ್ಲಿ ಫೋನು. ಇವಳು ಹಟ ಹಿಡಿದರೆ ಏನು ಹೇಳಲಿ ಎಂದು ನಾನು ಬೆಳಗಿನಿಂದ ಮಾತು ಜೋಡಿಸುತ್ತಿದ್ದೆ. ಬೇಕಾಗಲಿಲ್ಲ.

“ತಕ್ಕೋ ಕಣವ್ವಾ, ಮುಗ್ಸು. ದಿನಾ ಉಂಡ್ಯಾ ಅಂದ್ರೆ ದಿನಾ ಉಂಡೆ ಅಂತದೆ. ಇವ್ರು ಒಂದಿನಾನಾದ್ರೂ ನೆಟ್ಟಗೆ ಉತ್ರ ಕೊಟ್ಟೋರಾ? ‘ನೀನ್ ಇಕ್ಕುದ್ರೆ ತಾನೆ’ ಅನ್ನೋರು. ಇದು ಅವ್ರಲ್ಲ.” ಒಂದು ಗಳಿಗೆ ನಿಂತು, “ಬೇರೆ ಯಾರೋ ಇದ್ರೆ ನಂಗೊತ್ತಿಲ್ಲ” ಎಂದು, ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ನಾನು ಗಂಟು ಬಿಚ್ಚಿಕೊಂಡು ಕೊಟ್ಟಿಗೆಯ ಹೊರಗೆ, ಸಿಗ್ನಲ್ ಚೆನ್ನಾಗಿ ಬರುವ ಕಡೆ ಬಂದೆ. ಮುಚ್ಚುವುದು ಹೇಗೆ ಎಂದು ಅಂಗಡಿಯವನು ತೋರಿಸಿಕೊಟ್ಟಿದ್ದ. ಒಂದು ಕಡೆ ಒತ್ತಬೇಕು, ‘ಖಚಿತವೇ?’ ಎಂದು ಕೇಳುತ್ತದೆ, ಇನ್ನೊಂದು ಸಲ ಒತ್ತಬೇಕು. ಅಷ್ಟೇ. ಆದರೆ ಹಸು ಮಾರಿ ಹಗ್ಗ ಕೊಡುವಾಗಲೂ ಬೆನ್ನು ಸವರಿ ಒಂದು ಮಾತು ಹೇಳಿ ಕೊಡುವವಳು ನಾನು. ಅದೇ ಅಭ್ಯಾಸ.

“ದೊಡ್ಡಯ್ಯ, ಹನ್ನೊಂದಾಯ್ತು. ಮಾತು ಕೊಟ್ಟಂಗೆ ಮುಗಿಸ್ತೀನಿ” ಎಂದೆ.

ಫೋನು ಸುಮ್ಮನಿತ್ತು. ಇಲ್ಲಿ ಶೀಟಿನ ಮಾಡು ಇರಲಿಲ್ಲ. ಮೊದಲ ಸಲ ಒತ್ತಿದೆ. ಖಚಿತವೇ ಎಂದು ಕೇಳಿತು. ಹೆಬ್ಬೆರಳು ಎತ್ತಿದೆ.

“ತಡಿಯವ್ವಾ” ಎಂದಿತು, ಬಹಳ ಮೆಲ್ಲಗೆ. “ಕೈ ತಣ್ಣಗಾಗ್ಲಿ.”

ಆ ಮಾತು ಮೆಸೇಜುಗಳಲ್ಲಿ ಹತ್ತಾರು ಕಡೆ ಇದೆ, ನಾನೇ ಕೇಳಿದ್ದೇನೆ. ತಿರುಗಾ ಮುರುಗಾ ಮಾಡಿ ಹೇಳುವುದು ಅದರ ಕೆಲಸ. ಇದೆಲ್ಲ ನನಗೆ ಆ ಗಳಿಗೆಯಲ್ಲೂ ಗೊತ್ತಿತ್ತು. ಯಾವುದು ಮುರಿಯಬಾರದು ಎಂದು ಆಸೆ ಇರುತ್ತಿತ್ತೋ ಅದಕ್ಕೆ ಮಾತ್ರ ಅವರು ಆ ಮಾತು ಆಡುತ್ತಿದ್ದರು ಅನ್ನುವುದೂ ಗೊತ್ತಿತ್ತು. ಆ ಗುಟ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಂಗಡಿಯವನಿಗೆ ಕೊಟ್ಟ ಯಾವ ಮೆಸೇಜಿನಲ್ಲೂ ಅದು ಇರಲು ಸಾಧ್ಯವಿಲ್ಲ. ನನ್ನ ಕೈ ಬೆವರಿತ್ತು.

ಒತ್ತಿದೆ.

ಆಮೇಲೂ ಫೋನನ್ನು ಟವೆಲಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದು ನಿಂತಿದ್ದೆ. ಅದು ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು.

ಮುಂದೊಂದು ದಿನ ನಿಮ್ಮ ಮನೆಗೂ ಇಂಥದೊಂದು ದನಿ ಬರುತ್ತದೆ. ಅಪ್ಪನದೋ, ಅಕ್ಕನದೋ. ಕೊಳ್ಳಿ, ಬೇಡ ಅನ್ನುವುದಿಲ್ಲ, ಉಪಯೋಗ ಇದೆ. ಹೇಳಿದ ರೇಟಿಗೆ ಮಾತ್ರ ಕೊಳ್ಳಬೇಡಿ, ಮೂರರಲ್ಲಿ ಒಂದು ಭಾಗ ಸುಲಭವಾಗಿ ಇಳಿಯುತ್ತದೆ. ಯಾರ ದನಿಯೋ ಅವರು ಬದುಕಿರುವಾಗಲೇ, ಕೈ ಹಿಡಿದು, ಮುಚ್ಚುವ ದಿನ ಯಾವುದೆಂದು ಗೊತ್ತು ಮಾಡಿಕೊಳ್ಳಿ. ದಿನವೋ ವರ್ಷವೋ ಬಾಯಿ ಬಿಟ್ಟು ಕೇಳಿ. ಮುಚ್ಚುವವರು ಯಾರೆಂದೂ ಆಗಲೇ ತೀರ್ಮಾನ ಮಾಡಿ, ಮನೆಯವರಿಗೆ ಆ ಕೆಲಸ ಹಚ್ಚಬೇಡಿ. ಊಟ ಆಯಿತೇ ಎಂದು ದಿನಾ ಕೇಳುವ ಅಭ್ಯಾಸ ಇಟ್ಟುಕೊಳ್ಳಬೇಡಿ. ಮುಚ್ಚುವ ದಿನ ಬಂದಾಗ ಸುಮ್ಮನೆ ಹೋಗಿ ಎರಡು ಸಲ ಒತ್ತಿ ಬಂದುಬಿಡಿ. ಹೋಗಿಬರುತ್ತೇನೆ ಎಂದು ಅದಕ್ಕೆ ಹೇಳಲು ಮಾತ್ರ ಹೋಗಬೇಡಿ. ಹೇಳಿದಿರೋ, ಅದು ಏನಾದರೂ ಒಂದು ಅನ್ನುತ್ತದೆ. ಅಂದದ್ದು ಬಾಯೋ ಕೈಯೋ ಎಂದು ಆಮೇಲೆ ಕೇಳೋಣವೆಂದರೆ, ಅಲ್ಲಿ ಯಾರೂ ಇರುವುದಿಲ್ಲ.